ಹೆಸರೂ ನಾದವೂ: ಕೊಪ್ಪಳ ಸೀಮೆಯಲ್ಲಿ ನಕಲಿ ಹೆಡ್‌ಫೋನುಗಳ ವಿಚಾರ

ಕೊಪ್ಪಳದ ಗವಿಮಠದ ಜಾತ್ರೆಗೆ ಬರುವ ಅಂಗಡಿಗಳ ಸಾಲಿನಲ್ಲಿ ಬಳೆ, ಬೆಂಡು, ಬತ್ತಾಸು, ಆಟಿಕೆಗಳ ಮಗ್ಗುಲಲ್ಲಿಯೇ ಈಗ ಕೆಲವು ವರ್ಷಗಳಿಂದ ಹೆಡ್‌ಫೋನು, ಇಯರ್‌ಫೋನು, ಬಡ್ಸುಗಳ ರಾಶಿಗಳೂ ಕಾಣುತ್ತಿವೆ. ಜಾತ್ರೆ ಮುಗಿದ ಮೇಲೂ ಅವು ಮಾಯವಾಗುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಪಟ್ಟಣಗಳಲ್ಲಿ ಬಸ್ ನಿಲ್ದಾಣದ ಸುತ್ತಲಿನ ಮೊಬೈಲು ಅಂಗಡಿಗಳಲ್ಲಿ ವರ್ಷವಿಡೀ ತೂಗಾಡುತ್ತಿರುತ್ತವೆ. ಲೋಕಪ್ರಸಿದ್ಧವಾದ ಕಂಪನಿಗಳ ಹೆಸರುಗಳು ಅವುಗಳ ಮೇಲೆ ಅಚ್ಚಾಗಿವೆ. ನಿಜವಾದ ವಸ್ತುವಿಗೆ ಹಲವು ಸಾವಿರ ರೂಪಾಯಿಗಳ ಬೆಲೆಯಿರುವಲ್ಲಿ ಇವು 300ಕ್ಕೋ 400ಕ್ಕೋ ದೊರೆಯುತ್ತವೆ. ಇವು ನಕಲಿಯೆಂಬುದು ಮಾರುವವನಿಗೆ ಗೊತ್ತು. ಕೊಳ್ಳುವವರಲ್ಲಿಯೂ ಹಲವರಿಗೆ ಗೊತ್ತು. ಆದರೂ ವ್ಯಾಪಾರ ನಿಂತಿಲ್ಲ. ಈ ವಿಚಿತ್ರದ ಕಾರಣವನ್ನು ಯಥಾಶಕ್ತಿ ವಿವರಿಸುವುದು ಈ ಲೇಖನದ ಉದ್ದೇಶ.

ಭೌತವಿಜ್ಞಾನ ವಿಭಾಗದವರಿಗೆ ಪೇಟೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮನ್ನು ಈ ವಿಚಾರಕ್ಕೆ ಎಳೆದುದು ನಮ್ಮ ತರಗತಿಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿಯೊಬ್ಬನು ಬೇಸಗೆಯ ರಜೆಯಲ್ಲಿ ಕೂಲಿ ಮಾಡಿ ಉಳಿಸಿದ ಹಣದಿಂದ, ಬಸ್ಸಿನಲ್ಲಿ ಹೋಗಿಬರುವಾಗ ಪಾಠಗಳನ್ನು ಕೇಳಬಹುದೆಂದು, ಪ್ರಸಿದ್ಧ ಹೆಸರಿನ ಬಡ್ಸುಗಳ ಜೋಡಿಯೊಂದನ್ನು ಕೊಂಡನು. ಎರಡು ತಿಂಗಳಲ್ಲಿ ಒಂದು ಬದಿ ಮೂಕವಾಯಿತು. ಕೇಳಲು ಹೋದರೆ ಅಂಗಡಿಯವನು, “ಇದಕ್ಕ ಗ್ಯಾರಂಟಿ ಇಲ್ಲಂತ ಮೊದಲ ಹೇಳಿದ್ನೆಲ್ಲೋ ತಮ್ಮಾ” ಎಂದನಂತೆ. ಅದೇ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆ ಬೆಲೆಗೆ ಸಾಧಾರಣ ತಂತಿಯ ಇಯರ್‌ಫೋನು ಇದ್ದಿತು. ಅವನ ಗೆಳೆಯನು ಅದನ್ನೇ ಕೊಂಡು ಇಂದಿಗೂ ಬಳಸುತ್ತಿದ್ದಾನೆ. ಅದನ್ನೇಕೆ ಬಿಟ್ಟೆಯೆಂದು ನಾವು ವಿಚಾರಿಸಿದಾಗ ಹುಡುಗನು ಕೊಟ್ಟ ಉತ್ತರ ಇಷ್ಟೇ: “ಅದಕ್ಕ ಹೆಸರ ಇದ್ದಿಲ್ರಿ ಸರ.” ಎರಡನ್ನೂ ಕಿವಿಗಿಟ್ಟು ನೋಡಿದೆಯಾ ಎಂಬ ಪ್ರಶ್ನೆಗೆ ಅವನು ನಕ್ಕನು. ಹಾಗೆ ನೋಡಬಹುದೆಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ, ಅಂಗಡಿಯವನೂ ಕೊಟ್ಟಿರಲಿಲ್ಲ.

ಈ ಪೇಟೆಗಳಲ್ಲಿ ಬಳಕೆಯಲ್ಲಿರುವ ಮಾತುಗಳನ್ನು ಮೊದಲು ಗಮನಿಸಬೇಕು. ‘ಓರಿಜಿನಲ್’ ಎಂದರೆ ಹೆಸರಿನ ಒಡೆಯನೇ ಮಾಡಿಸಿದ ವಸ್ತು. ‘ಡೂಪ್ಲಿಕೇಟ್’ ಎಂದರೆ ನಕಲಿ. ಇವೆರಡರ ನಡುವೆ ‘ಫಸ್ಟ್ ಕಾಪಿ’ ಎಂಬುದೊಂದುಂಟು. ನಕಲಿಯೇ ಆದರೂ ಹೊರನೋಟಕ್ಕೆ ಅಸಲಿನಿಂದ ಬೇರ್ಪಡಿಸಲಾಗದಂಥದು ಎಂದು ಇದರ ಅರ್ಥ. ಯಾವ ಪ್ರಸಿದ್ಧ ಹೆಸರೂ ಇಲ್ಲದ, ಆದರೆ ಯಾರನ್ನೂ ಅನುಕರಿಸದ ವಸ್ತುವಿಗೆ ‘ಲೋಕಲ್’ ಎಂದು ಹೆಸರು. ಸ್ವಾರಸ್ಯವೇನೆಂದರೆ, ಈ ನಾಲ್ಕರಲ್ಲಿ ಅತ್ಯಂತ ಕೀಳೆಂದು ಎಣಿಕೆಯಾಗುವುದು ಡೂಪ್ಲಿಕೇಟಲ್ಲ, ಲೋಕಲ್. ಸುಳ್ಳು ಹೇಳುವ ವಸ್ತುವಿಗೆ ಸುಳ್ಳು ಹೇಳದ ವಸ್ತುವಿಗಿಂತ ಹೆಚ್ಚು ಮರ್ಯಾದೆ. ಇನ್ನೂ ಒಂದು ವಿಶೇಷ: ಈ ನಾಲ್ಕು ಮಾತುಗಳಲ್ಲಿ ಒಂದಾದರೂ ನಾದವನ್ನು ಕುರಿತದ್ದಲ್ಲ. ನಾದಕ್ಕೆ ಮೀಸಲಾದ ಮಾತು ‘ಸೌಂಡ್ ಛಲೋ ಐತಿ’ ಎಂಬುದೊಂದೇ. ಅದನ್ನು ಎಲ್ಲ ವಸ್ತುಗಳಿಗೂ ಒಂದೇ ಸಮನಾಗಿ ಹೇಳಲಾಗುತ್ತದೆ.

ಈಗ ಉಪಕರಣದ ರಚನೆಯನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಹೆಡ್‌ಫೋನಿನ ಒಳಗೆ ಮುಖ್ಯವಾಗಿ ಇರುವುದು ಮೂರು: ಒಂದು ಶಾಶ್ವತ ಅಯಸ್ಕಾಂತ, ಅದರ ಎಡೆಯಲ್ಲಿ ಕೂದಲಿನಂಥ ತಂತಿಯ ಒಂದು ಸುರುಳಿ, ಆ ಸುರುಳಿಗೆ ಅಂಟಿಸಿದ ತೆಳುವಾದ ಪ್ಲಾಸ್ಟಿಕ್ಕಿನ ಪೊರೆ. ವಿದ್ಯುತ್ಪ್ರವಾಹ ಹರಿದಂತೆಲ್ಲ ಸುರುಳಿ ಹಿಂದುಮುಂದಾಗಿ ಪೊರೆ ಕಂಪಿಸುತ್ತದೆ; ಗಾಳಿ ಕಂಪಿಸಿ ಕಿವಿಗೆ ನಾದವಾಗುತ್ತದೆ. ಈ ತತ್ತ್ವ ಹಳೆಯದು. ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ 1958ರಲ್ಲಿ ಸ್ಟೀರಿಯೋ ಹೆಡ್‌ಫೋನನ್ನು ಜನರ ಮುಂದಿಟ್ಟನು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದಮೇಲೆ ಹೆಡ್‌ಫೋನು ಮನೆಯಿಂದ ಬೀದಿಗೆ ಬಂದಿತು. ನಿಯೋಡಿಮಿಯಮ್ ಅಯಸ್ಕಾಂತಗಳು 1980ರ ದಶಕದಲ್ಲಿ ಬಳಕೆಗೆ ಬಂದು, ಕಡಲೆಕಾಳಿನಷ್ಟು ಜಾಗದಲ್ಲಿಯೂ ಬಲವಾದ ಕಾಂತಕ್ಷೇತ್ರ ಸಾಧ್ಯವಾಯಿತು. ಇಂದು ಸುರುಳಿ, ಪೊರೆ, ಅಯಸ್ಕಾಂತ ಇವೆಲ್ಲವೂ ಅಗ್ಗದ ಸಾಮಗ್ರಿಗಳು. ದುಬಾರಿಯಾದುದು ಇವುಗಳನ್ನು ಹೊಂದಿಸುವ ಕೆಲಸ: ಪೊರೆಯ ಹಿಂದಿನ ಗಾಳಿಗೆ ಎಷ್ಟು ಎಡೆ ಬಿಡಬೇಕು, ರಂಧ್ರಗಳನ್ನು ಎಲ್ಲಿ ಕೊರೆಯಬೇಕು, ಕಿವಿಗೆ ಕೂರುವ ಮೆತ್ತೆ ಎಷ್ಟು ಬಿಗಿಯಾಗಿರಬೇಕು ಎಂಬ ಅಳತೆಗಳು. ಈ ಅಳತೆಗಳು ಕಣ್ಣಿಗೆ ಬೀಳುವುದಿಲ್ಲ. ನಕಲು ಮಾಡುವವನು ಕಣ್ಣಿಗೆ ಬೀಳುವುದನ್ನೆಲ್ಲ ನಕಲು ಮಾಡಿ ಇದನ್ನು ಮಾತ್ರ ಬಿಡುತ್ತಾನೆ. ಬಿಟ್ಟರೂ ಅವನಿಗೆ ನಷ್ಟವಿಲ್ಲ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಎಲ್ಲೆ ಇಳಿಯುತ್ತದೆ. ಹಳೆಯ ಟೆಲಿಫೋನು 300ರಿಂದ 3,400ರವರೆಗಿನ ಕಂಪನಗಳನ್ನಷ್ಟೇ ಸಾಗಿಸುತ್ತಿದ್ದುದರಿಂದ ‘ಸ’ಕಾರ ‘ಫ’ಕಾರಗಳು ಅದರಲ್ಲಿ ಒಂದರಂತೆ ಮತ್ತೊಂದು ಕೇಳುತ್ತಿದ್ದುವು. ಒಳ್ಳೆಯ ಹೆಡ್‌ಫೋನೆಂದರೆ ಈ ವಿಸ್ತಾರದಲ್ಲಿ ಯಾವ ಭಾಗವನ್ನೂ ಅತಿಯಾಗಿ ಎತ್ತದೆ, ಯಾವುದನ್ನೂ ಮುಳುಗಿಸದೆ ಕೇಳಿಸುವಂಥದು. ಅಗ್ಗದ ನಕಲಿಯಲ್ಲಿ ಸಾಮಾನ್ಯವಾಗಿ ಮಂದ್ರಭಾಗವನ್ನು ಉಬ್ಬಿಸಿರುತ್ತಾರೆ. ಮೊದಲ ಕ್ಷಣಕ್ಕೆ ಅದು ಗಂಭೀರವೆನಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹಾಡಿನ ಸಾಹಿತ್ಯ ಅದರೊಳಗೆ ಹೂತುಹೋಗಿರುವುದು ತಿಳಿಯುತ್ತದೆ. ಪಾಠ ಕೇಳಲು ಕೊಂಡವನಿಗೆ ಆಗುವ ನಷ್ಟವೂ ಇದೇ, ಏಕೆಂದರೆ ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಮೇಲಿನ ಕಂಪನಗಳಲ್ಲಿದೆ.

ಹಾಗಾದರೆ ನಮ್ಮ ಜನ ಪರೀಕ್ಷೆ ಮಾಡಿ ಕೊಳ್ಳುವುದನ್ನು ಅರಿಯದವರೇ? ಹಾಗೆ ಹೇಳಿದರೆ ಈ ಸೀಮೆಗೆ ಅನ್ಯಾಯ ಮಾಡಿದಂತೆ.

ಗಂಗಾವತಿಯನ್ನು ನೋಡೋಣ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದಂದಿನಿಂದ ಆ ತಾಲ್ಲೂಕು ಭತ್ತದ ಕಣಜವಾಗಿದೆ. ಅಲ್ಲಿಯ ಗಿರಣಿಗಳ ಸೋನಾ ಮಸೂರಿ ಅಕ್ಕಿ ದೂರದೂರಕ್ಕೆ ಹೋಗುತ್ತದೆ. ಅಕ್ಕಿಯ ವ್ಯಾಪಾರಿಯು ಚೀಲದ ಮೇಲಿನ ಬರಹವನ್ನು ಓದಿ ಹಣ ಎಣಿಸುವುದಿಲ್ಲ. ತುದಿ ಚೂಪಾದ ಟೊಳ್ಳು ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ಹೊರತೆಗೆದು ಅಂಗೈಯ ಮೇಲೆ ಹರಡುತ್ತಾನೆ. ನುಚ್ಚು ಎಷ್ಟು, ಬೇರೆ ಜಾತಿಯ ಕಾಳು ಬೆರೆತಿದೆಯೇ, ಬಣ್ಣ ಹೇಗಿದೆ ಎಂದು ನೋಡಿ, ಮೂಸಿ, ಒಂದೆರಡನ್ನು ಹಲ್ಲಿನಲ್ಲಿ ಕಡಿದು ಹೊಸದೋ ಹಳೆಯದೋ ಎಂಬುದನ್ನು ತೀರ್ಮಾನಿಸುತ್ತಾನೆ. ಮನೆಯ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿಡಿ ಅಕ್ಕಿಯನ್ನು ಬೇಯಿಸಿ ನೋಡುವುದುಂಟು.

ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳ ಕಡೆ ಇಳಕಲ್ ಸೀರೆಯ ಮಗ್ಗಗಳುಂಟು. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿರುತ್ತಾರೆ. ತಿಳಿದವಳು ತೋಪುತೆನೆಯ ಸೆರಗಿನ ಅಂದಕ್ಕೆ ಮಾರುಹೋಗುವ ಮೊದಲು ಬಟ್ಟೆಯನ್ನು ಮಗುಚಿ ಕೊಂಡಿ ಕೂಡಿದ ಗೆರೆಯನ್ನು ಬೆರಳಿನಿಂದ ಸವರುತ್ತಾಳೆ. ಯಂತ್ರದ ಮಗ್ಗದಲ್ಲಿ ಒಂದೇ ಹಾಸಿನಲ್ಲಿ ನೇಯ್ದ ನಕಲು ಸೀರೆಯಲ್ಲಿ ಆ ಗೆರೆ ಕೈಗೆ ಹತ್ತುವುದಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಯನ್ನು ಕೊಳ್ಳುವವನೂ ಅದನ್ನು ಎತ್ತಿ ನೋಡುತ್ತಾನೆ. ಅಲ್ಲಿಯ ಚಿತ್ರಗಾರರು ಬಳಸುವ ಮರ ಬಹು ಹಗುರ. ಇನ್ನು ಯಲಬುರ್ಗಾ ಕಡೆಯ ಒಣಬೇಸಾಯದ ರೈತನು ಸಂತೆಯಲ್ಲಿ ಎತ್ತಿನ ಹಲ್ಲೆಣಿಸಿ, ಸುಳಿ ನೋಡಿ, ನಡೆಸಿ ನೋಡಿಯೇ ವ್ಯಾಪಾರಕ್ಕೆ ಕೈ ಕೊಡುವುದನ್ನು ಯಾರೂ ವರ್ಣಿಸಬೇಕಾಗಿಲ್ಲ.

ಇವುಗಳಲ್ಲಿ ಹೆಸರಿಗೆ ಸ್ಥಾನವಿಲ್ಲವೆಂದಲ್ಲ. ಗಂಗಾವತಿ ಎಂಬುದೂ ಹೆಸರೇ, ಇಳಕಲ್ ಎಂಬುದೂ ಹೆಸರೇ. ಆದರೆ ಆ ಹೆಸರುಗಳ ಹಿಂದೆ ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಾದ ಪರೀಕ್ಷೆಯೊಂದಿದೆ. ಹೆಸರು ಆ ಪರೀಕ್ಷೆಯ ಸಂಕ್ಷಿಪ್ತ ರೂಪವಷ್ಟೆ. ಪರೀಕ್ಷೆಗೆ ಎಡೆ ತಪ್ಪಿದೊಡನೆ ಇದೇ ಅಕ್ಕಿಯ ವಿಷಯದಲ್ಲಿಯೂ ಹೆಸರು ಒಂಟಿಯಾಗಿ ನಿಲ್ಲುತ್ತದೆ. ದೂರದ ನಗರದಲ್ಲಿ ಬಾಯಿ ಹೊಲಿದ 25 ಕಿಲೋಗ್ರಾಮಿನ ಚೀಲವನ್ನು ಕೊಳ್ಳುವವನು ಅದರ ಮೇಲಿನ ಚಿತ್ರವನ್ನೂ ಹೆಸರನ್ನೂ ನಂಬಬೇಕು. ಆಗಲೇ ಹೆಸರಾದ ಚೀಲಗಳಲ್ಲಿ ಬೇರೆ ಅಕ್ಕಿ ತುಂಬುವ ಮೋಸಕ್ಕೆ ದಾರಿಯಾಗುವುದು. ಅಂದರೆ ನಕಲಿಯ ಹುಟ್ಟು ವಸ್ತುವಿನ ಜಾತಿಯನ್ನು ಅವಲಂಬಿಸಿಲ್ಲ; ಬಾಯಿ ಹೊಲಿಯುವುದನ್ನು ಅವಲಂಬಿಸಿದೆ.

ಹೆಡ್‌ಫೋನು ಹುಟ್ಟುವಾಗಲೇ ಬಾಯಿ ಹೊಲಿದುಕೊಂಡು ಬಂದ ವಸ್ತು. ಪೆಟ್ಟಿಗೆ ಒಡೆದರೆ ಮಾಲು ಹಳೆಯದಾಯಿತೆಂದು ಅಂಗಡಿಯವನ ಭಯ. ಒಬ್ಬರ ಕಿವಿಗೆ ಇಟ್ಟದ್ದನ್ನು ಇನ್ನೊಬ್ಬರು ಇಡುವುದಕ್ಕೆ ಸಂಕೋಚ. ಹೇಗೋ ಕೇಳಲು ಕೊಟ್ಟರೂ ಕಿವಿಯ ನೆನಪು ಬಹಳ ಗಿಡ್ಡದು. ನಾದದ ಸೂಕ್ಷ್ಮವಾದ ಛಾಯೆ ಮನಸ್ಸಿನಲ್ಲಿ ಕೆಲವೇ ಸೆಕೆಂಡುಗಳ ಕಾಲ ನಿಚ್ಚಳವಾಗಿರುತ್ತದೆ. ಮೊದಲನೆಯ ಜೋಡಿಯನ್ನು ತೆಗೆದು, ಎರಡನೆಯದರ ಪೆಟ್ಟಿಗೆ ಬಿಚ್ಚಿ, ಮೊಬೈಲಿಗೆ ಕೂಡಿಸುವಷ್ಟರಲ್ಲಿ ಹೋಲಿಸಬೇಕಾದುದು ಮರೆತುಹೋಗಿರುತ್ತದೆ. ಇದಕ್ಕೆ ಮತ್ತೊಂದು ತೊಡಕು ಸೇರುತ್ತದೆ: ಎರಡು ನಾದಗಳಲ್ಲಿ ಒಂದು ತುಸುವೇ ಗಟ್ಟಿಯಾಗಿದ್ದರೂ ಕೇಳುವವನು ಅದು ‘ಗಟ್ಟಿ’ ಎನ್ನದೆ ‘ಉತ್ತಮ’ ಎನ್ನುತ್ತಾನೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿದಂತೆ, ಧ್ವನಿ ಸಣ್ಣದಿದ್ದಾಗ ಮಂದ್ರದ ಸ್ವರಗಳು ಕಿವಿಗೆ ಇನ್ನೂ ಕ್ಷೀಣವಾಗಿ ಕೇಳುತ್ತವೆ. ಧ್ವನಿಯನ್ನು ಏರಿಸಿದಾಗ ತುಂಬಿಬಂದಂತೆ ತೋರುತ್ತದೆ. ಗಟ್ಟಿಯಾಗಿ ಹಾಕಿ ಕೇಳಿಸುವ ಅಂಗಡಿಯವನಿಗೆ ಈ ಶಾಸ್ತ್ರ ಓದದೆಯೇ ತಿಳಿದಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಈ ಭಾಗದ ಹಳ್ಳಿಗಳಲ್ಲಿ ಭಜನಾ ಮೇಳಗಳಿಲ್ಲದ ಊರು ಅಪರೂಪ. ಡಗ್ಗಾ ಕೂದಲೆಳೆಯಷ್ಟು ಇಳಿದಿದ್ದರೂ ಸುತ್ತಿಗೆ ಕೈಗೆತ್ತಿಕೊಳ್ಳುವ ತಬಲಾ ವಾದಕರು, ಹಾರ್ಮೋನಿಯಮ್ಮಿನ ಒಂದು ಪಟ್ಟಿ ಅಪಶ್ರುತಿಯಾದರೆ ಮುಖ ಸಿಂಡರಿಸುವ ಹಾಡುಗಾರರು ನಮ್ಮಲ್ಲಿದ್ದಾರೆ. ಅಂಥ ತೀಕ್ಷ್ಣವಾದ ಕಿವಿಯುಳ್ಳವರೇ ಮೊಬೈಲು ಅಂಗಡಿಯ ಮುಂದೆ ನಿಂತಾಗ ಕಿವಿಯನ್ನು ಮನೆಯಲ್ಲಿ ಬಿಟ್ಟು ಬಂದವರಂತೆ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದುತ್ತಾರೆ. ಕಿವಿಗೆ ಪಾಟವ ಉಂಟು. ಆ ಪಾಟವಕ್ಕೆ ಅಂಗಡಿಯಲ್ಲಿ ಕೆಲಸ ಕೊಟ್ಟಿಲ್ಲ.

ಕಣ್ಣು ಕಿವಿಯನ್ನು ಆಳುವುದು ನಮ್ಮ ಸೀಮೆಗೆ ಮಾತ್ರ ಸೇರಿದ ದೌರ್ಬಲ್ಯವಲ್ಲ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ಧ್ವನಿವಿಜ್ಞಾನಿಗಳು ಅಮೆರಿಕದ ಹಾರ್ಮನ್ ಕಂಪನಿಯಲ್ಲಿ ನಡೆಸಿದ ಒಂದು ಪ್ರಯೋಗವನ್ನು 1994ರಲ್ಲಿ ಪ್ರಕಟಿಸಿದರು. ಆ ಕಂಪನಿಯ 40 ಮಂದಿ ನೌಕರರಿಗೆ ನಾಲ್ಕು ಧ್ವನಿವರ್ಧಕಗಳನ್ನು ಮೊದಲು ತೆರೆಯ ಮರೆಯಲ್ಲಿ, ಆಮೇಲೆ ಎದುರಿಗೆ ಇಟ್ಟು ಕೇಳಿಸಲಾಯಿತು. ಕಣ್ಣಿಗೆ ಕಂಡಾಗ ದೊಡ್ಡ, ಬೆಲೆಯುಳ್ಳ ಪೆಟ್ಟಿಗೆಗಳಿಗೆ ಅಂಕಗಳು ಏರಿದುವು, ಸಣ್ಣ ಅಗ್ಗದ ಪೆಟ್ಟಿಗೆಗೆ ಇಳಿದುವು. ಮರೆಯಲ್ಲಿದ್ದಾಗ ಕೇಳುಗರು ಗುರುತಿಸುತ್ತಿದ್ದ ನಿಜವಾದ ನಾದಭೇದಗಳು, ಕಣ್ಣಿಗೆ ಕಂಡಾಗ ಅವರ ತೀರ್ಪಿನಲ್ಲಿ ಮಸುಕಾದುವು. ಇವರು ದಾರಿಹೋಕರಲ್ಲ, ಧ್ವನಿಯ ಉಪಕರಣಗಳನ್ನೇ ಮಾಡುವ ಸಂಸ್ಥೆಯಲ್ಲಿ ದುಡಿಯುವವರು ಎಂಬುದನ್ನು ಗಮನಿಸಬೇಕು. ಆಲಿವರು ಮುಂದೆ ಹೆಡ್‌ಫೋನುಗಳನ್ನು ಕುರಿತು ಸಂಶೋಧನೆ ಕೈಗೊಂಡಾಗ, ಕೇಳುಗನಿಗೆ ಹೆಸರು, ಬೆಲೆ, ಆಕಾರ ಯಾವುದೂ ತಿಳಿಯದಂತೆ, ಹಲವು ಹೆಡ್‌ಫೋನುಗಳ ನಾದಗುಣವನ್ನು ಒಂದೇ ಹೆಡ್‌ಫೋನಿನ ಮೂಲಕ ಕೇಳಿಸುವ ಉಪಾಯವನ್ನು ಹೂಡಿದರು. ಯರೂನ್ ಬ್ರೇಬಾರ್ಟ್ ಎಂಬವರು 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯೊಡನೆ ಹೋಲಿಸಿ, ಕಂಪನವಿಸ್ತಾರದ ಗುಣಕ್ಕೂ ಬೆಲೆಗೂ ಸಂಬಂಧ ಕಾಣುವುದಿಲ್ಲವೆಂದು ತೋರಿಸಿದರು. ಆದ್ದರಿಂದ ಹೆಸರನ್ನು ನಂಬಿ ಹೆಚ್ಚು ಹಣ ಕೊಟ್ಟವನಿಗೂ ಹೆಚ್ಚಿನ ನಾದ ಸಿಕ್ಕೇ ಸಿಗುವುದೆಂದು ಹೇಳುವಂತಿಲ್ಲ. ನಕಲಿಯವನ ಅಪರಾಧ ದೊಡ್ಡದೇ. ಆದರೆ ಅವನು ಕಾಲಿಟ್ಟ ನೆಲವನ್ನು ಅವನೊಬ್ಬನೇ ಹದಮಾಡಲಿಲ್ಲ.

ಕೊಂಡುಕೊಳ್ಳುವವನು ಗುಣವನ್ನು ಅರಿಯಲಾರದ ಪೇಟೆಯಲ್ಲಿ ಒಳ್ಳೆಯ ವಸ್ತುವಿಗೆ ತಕ್ಕ ಬೆಲೆ ಬಾರದೆ, ಅದು ಕ್ರಮೇಣ ಪೇಟೆಯನ್ನೇ ಬಿಟ್ಟುಹೋಗುವುದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಮೋಟಾರುಗಳ ಉದಾಹರಣೆಯಿಂದ ವಿವರಿಸಿದನು. ಹೆಸರು, ಖಾತರಿ ಮುಂತಾದುವು ಈ ತೊಂದರೆಗೆ ಪರಿಹಾರವಾಗಿ ಹುಟ್ಟಿದುವೆಂದೂ ಅವನೇ ಸೂಚಿಸಿದ್ದಾನೆ. ನಮ್ಮ ಪೇಟೆಗಳಲ್ಲಿ ನಡೆದಿರುವುದು ಇದರ ಮುಂದಿನ ಅಧ್ಯಾಯ: ಪರಿಹಾರವೆಂದು ಬಂದ ಹೆಸರನ್ನೇ ಅಚ್ಚುಹಾಕಿ ಮಾರುವುದು. ‘ಲೋಕಲ್’ ಎಂದು ಹಳಿಯಲ್ಪಟ್ಟ, ಸಾಧಾರಣವಾಗಿ ಸರಿಯಾಗಿಯೇ ಇರುವ ತಂತಿಯ ಇಯರ್‌ಫೋನುಗಳನ್ನು ತರಿಸುವುದನ್ನು ಕೆಲವು ಅಂಗಡಿಯವರು ಬಿಟ್ಟಿದ್ದಾರೆಂಬುದನ್ನು ನಾವು ಕೇಳಿ ತಿಳಿದಿದ್ದೇವೆ.

ಆದರೆ ನಕಲಿಯನ್ನು ಕೊಳ್ಳುವವರೆಲ್ಲ ಮೋಸಹೋದವರಲ್ಲ. ಗ್ರಾಸ್‌ಮನ್ ಮತ್ತು ಶಪೀರೋ ಎಂಬ ಅರ್ಥಶಾಸ್ತ್ರಜ್ಞರು 1988ರಲ್ಲಿ ಈ ಎರಡು ಬಗೆಗಳನ್ನು ಬೇರ್ಪಡಿಸಿದ್ದಾರೆ: ಕೊಳ್ಳುವವನನ್ನು ವಂಚಿಸುವ ನಕಲಿ ಒಂದು, ಕೊಳ್ಳುವವನಿಗೆ ತಿಳಿದೇ ಮಾರಾಟವಾಗುವ ನಕಲಿ ಇನ್ನೊಂದು. ಎರಡನೆಯದರಲ್ಲಿ ವಂಚನೆಗೆ ಗುರಿಯಾಗಬೇಕಾದವರು ನೋಡುವವರು. ಕಾಲೇಜಿನ ದಾರಿಯಲ್ಲಿ ಕಿವಿಯಿಂದ ಇಳಿಬಿದ್ದ ಬಿಳಿಯ ಕಡ್ಡಿಯನ್ನು ಕಂಡವರು ಅದರಿಂದ ಯಾವ ನಾದ ಬರುತ್ತಿದೆಯೆಂದು ಕೇಳಲಾರರು. ಹೆಡ್‌ಫೋನು ಒಬ್ಬನಿಗೆ ಮಾತ್ರ ಕೇಳುವ, ಎಲ್ಲರಿಗೂ ಕಾಣುವ ವಸ್ತು. ಈ ಒಂದು ಲಕ್ಷಣದಲ್ಲಿಯೇ ಅದರ ಪೇಟೆಯ ಅರ್ಧ ರಹಸ್ಯವಿದೆಯೆಂದು ನಮಗೆ ತೋರುತ್ತದೆ. ಹಳ್ಳಿಯಿಂದ ಬಂದ ಹುಡುಗನಿಗೆ ನಗರದ ಸಹಪಾಠಿಗಳ ನಡುವೆ ಆ ಬಿಳಿಯ ಕಡ್ಡಿ ಏನನ್ನು ತಂದುಕೊಡುತ್ತದೆಂಬುದನ್ನು ಅರಿಯದೆ ಅವನನ್ನು ಹೀಯಾಳಿಸುವುದು ಸಲ್ಲದು.

ಆಕಾರವನ್ನು ನೋಡಿ ತೀರ್ಪು ಕೊಡುವುದರಲ್ಲಿ ಸರಕಾರಗಳೂ ಹಿಂದೆ ಬಿದ್ದಿಲ್ಲ. 2020ರಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳು ಆಪಲ್ ಕಂಪನಿಯ ಏರ್‌ಪಾಡ್‌ಗಳ 2,000 ನಕಲಿ ಜೋಡಿಗಳನ್ನು ಹಿಡಿದೆವೆಂದು ಸಾರಿ ಚಿತ್ರವನ್ನೂ ಪ್ರಕಟಿಸಿದರು. ಚಿತ್ರದ ಪೆಟ್ಟಿಗೆಯ ಮೇಲೆ ಒನ್‌ಪ್ಲಸ್ ಎಂಬ ಬೇರೊಂದು ಕಂಪನಿಯ ಹೆಸರು ಸ್ಪಷ್ಟವಾಗಿಯೇ ಇದ್ದಿತು. ಅವು ಆ ಕಂಪನಿಯ ಅಸಲಿ ಬಡ್ಸುಗಳು. ಜಗತ್ತು ನಕ್ಕಮೇಲೆ ಅಧಿಕಾರಿಗಳು, ಆಕಾರವೂ ಆಪಲ್ಲಿನ ನೋಂದಾಯಿತ ಗುರುತೇ ಆದುದರಿಂದ ತಮ್ಮ ಕ್ರಮ ಸರಿಯೆಂದು ಸಮರ್ಥಿಸಿಕೊಂಡರು. ಇದಕ್ಕೆ ಐದು ವರ್ಷ ಮೊದಲು, 2015ರಲ್ಲಿ, ಅಮೆರಿಕದ ಇಂಜಿನಿಯರನೊಬ್ಬನು ಬೀಟ್ಸ್ ಎಂಬ ಬಹು ಪ್ರಸಿದ್ಧ ಹೆಸರಿನ ಹೆಡ್‌ಫೋನನ್ನು ಬಿಚ್ಚಿ, ಒಳಗಿನ ಸಾಮಗ್ರಿಯ ಬೆಲೆ ಸುಮಾರು 17 ಡಾಲರೆಂದೂ, ಕೆಲವು ಲೋಹದ ತುಂಡುಗಳು ಭಾರ ಹೆಚ್ಚಿಸಲೆಂದೇ ಇಟ್ಟಂತಿವೆಯೆಂದೂ ಬರೆದನು. ಲೇಖನ ಹರಡಿದ ಮೇಲೆ ಅವನು ಬಿಚ್ಚಿದ್ದೇ ನಕಲಿ ಜೋಡಿಯೆಂದು ತಿಳಿದುಬಂದಿತು. ಯಂತ್ರಶಾಸ್ತ್ರ ಬಲ್ಲವನು ತಿರುಪುಗಳನ್ನು ಬಿಚ್ಚಿ ಎದುರಿಗಿಟ್ಟುಕೊಂಡಾಗಲೂ ಗುರುತು ಸಿಕ್ಕಲಿಲ್ಲವೆಂದಮೇಲೆ, ಕುಷ್ಟಗಿಯ ಬಸ್ಸು ಹೊರಡುವ ಗಡಿಬಿಡಿಯಲ್ಲಿ ಕೊಳ್ಳುವವನಿಗೆ ಹೇಗೆ ಸಿಕ್ಕೀತು? ಭಾರವೇ ಬೆಲೆಯ ಗುರುತಾಗಿರುವ ಈ ಪೇಟೆಗೂ, ಹಗುರವಾಗಿರುವುದೇ ಗುಣವಾದ ಕಿನ್ನಾಳದ ಗೊಂಬೆಗೂ ಇರುವ ಅಂತರ ಯೋಚನೆಗೆ ಅರ್ಹ.

ಕಾನೂನಿನ ವಿಷಯ ಸಂಕ್ಷೇಪವಾಗಿ ಹೇಳಬಹುದು. ನಮ್ಮ ದೇಶದಲ್ಲಿ ವ್ಯಾಪಾರದ ಗುರುತುಗಳಿಗೆ 1940ರಲ್ಲಿ ಮೊದಲ ಕಾಯಿದೆಯೂ, 1958ರಲ್ಲಿ ಎರಡನೆಯದೂ ಬಂದುವು. ಈಗ ಜಾರಿಯಲ್ಲಿರುವುದು 1999ರದು. ಸುಳ್ಳು ಗುರುತು ಹಾಕಿದ ವಸ್ತುವನ್ನು ಮಾರುವವನಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸವನ್ನೂ 50,000ದಿಂದ 2,00,000 ರೂಪಾಯಿವರೆಗೆ ದಂಡವನ್ನೂ ಅದು ವಿಧಿಸುತ್ತದೆ. ಆದರೆ ಈ ಕಾಯಿದೆ ಕಾಪಾಡುವುದು ಹೆಸರನ್ನು. ಕೆಟ್ಟ ನಾದದ ವಸ್ತುವನ್ನು ತನ್ನದೇ ಹೆಸರಿನಲ್ಲಿ ಮಾರುವವನ ತಂಟೆಗೆ ಅದು ಹೋಗುವುದಿಲ್ಲ, ಹೋಗಲೂ ಬಾರದು. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ತಂತಿಯಿಲ್ಲದ ಹೆಡ್‌ಫೋನು ಇಯರ್‌ಫೋನುಗಳನ್ನು 2020ರ ಅಧಿಸೂಚನೆಯಿಂದ ಸೇರಿಸಲಾಗಿದೆ. ಇದು ಸುರಕ್ಷತೆಗೆ ಸಂಬಂಧಿಸಿದ ಮಾನಕ, ನಾದಕ್ಕೆ ಸಂಬಂಧಿಸಿದ್ದಲ್ಲ. ಆದರೂ ಇದರಿಂದ ಒಂದು ಉಪಕಾರವುಂಟು: ವಸ್ತುವಿನ ಅಥವಾ ಪೆಟ್ಟಿಗೆಯ ಮೇಲೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ಸಂಖ್ಯೆಯೊಂದಿರಬೇಕು, ಬ್ಯೂರೋದ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೆಂಬುದು ತಿಳಿಯುತ್ತದೆ. ಸಣ್ಣ ಬ್ಯಾಟರಿಯೊಂದನ್ನು ಕಿವಿಯೊಳಗೆ ಇಟ್ಟುಕೊಳ್ಳುವವನು ಇಷ್ಟನ್ನಾದರೂ ನೋಡಿಕೊಳ್ಳುವುದು ಒಳ್ಳೆಯದು. ಹೆಸರುವಾಸಿ ಕಂಪನಿಗಳ ಪರವಾಗಿ ನಿಜವಾಗಿ ಹೇಳಬಹುದಾದ ಮಾತೂ ಇಲ್ಲಿಯೇ ಇದೆ. ಅವರ ಬೆಲೆಯಲ್ಲಿ ನಾದಕ್ಕೆ ಎಷ್ಟು ಸಂದಿದೆಯೋ ಹೇಳಲಾಗದು. ಕೆಟ್ಟರೆ ಕೇಳಲು ಒಂದು ಬಾಗಿಲಂತೂ ಇರುತ್ತದೆ.

ನಾದದ ಗುಣ ಬರಿಯ ರುಚಿಯ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಕಿವಿಗೆ ಸರಿಯಾಗಿ ಕೂರದ ಇಯರ್‌ಫೋನಿನಲ್ಲಿ ಮಂದ್ರದ ಸ್ವರಗಳು ಹೊರಗೆ ಸೋರಿಹೋಗುತ್ತವೆ; ಹೊರಗಿನ ಸದ್ದು ಒಳಗೆ ನುಗ್ಗುತ್ತದೆ. ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯು ಇಂಜಿನಿನ ಮೊರೆತವನ್ನು ಮೀರಿಸಲು ಧ್ವನಿಯನ್ನು ಏರಿಸುತ್ತಲೇ ಹೋಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾನಕದಂತೆ ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ ಕೇಳಬಹುದಾದ ಮಟ್ಟ 80 ಡೆಸಿಬೆಲ್. ಧ್ವನಿ 3 ಡೆಸಿಬೆಲ್ ಏರಿದಂತೆಲ್ಲ ಕಾಲಾವಧಿ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬೆಲ್ಲಿಗೆ ವಾರಕ್ಕೆ 4 ಗಂಟೆ ಮಾತ್ರ. ಎರಡೂ ಹೊತ್ತು ಒಂದೊಂದು ಗಂಟೆ ಪ್ರಯಾಣ ಮಾಡುವವನಿಗೆ ಆ 4 ಗಂಟೆಗಳು ಮಂಗಳವಾರ ಸಂಜೆಯೊಳಗೆ ಮುಗಿದುಹೋಗುತ್ತವೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಯಾವ ಹೆಸರಿನ ಇಯರ್‌ಫೋನಿನಿಂದಲೂ ಈ ಅಪಾಯ ಸಾಧ್ಯ. ಕಿವಿಗೆ ಕೂರದ, ಸ್ಪಷ್ಟತೆಯಿಲ್ಲದ ವಸ್ತುವಿನಲ್ಲಿ ಅದಕ್ಕೆ ಪ್ರೇರಣೆ ಹೆಚ್ಚು.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಯೊಂದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೇವೆ. ಇದಕ್ಕೆ ಯಂತ್ರ ಬೇಡ. ಅಕ್ಕಿಯ ಚೀಲಕ್ಕೆ ಚುಚ್ಚುವ ಕೊಳವೆಯಂತೆ ಒಂದು ಪರಿಚಿತವಾದ ಭಜನೆಯ ಮುದ್ರಣ ಸಾಕು. ನೂರು ಸಲ ಕೇಳಿ ಬಾಯಿಪಾಠವಾದ ಹಾಡೇ ಆಗಬೇಕು, ಏಕೆಂದರೆ ಕಿವಿಯ ಗಿಡ್ಡ ನೆನಪಿಗೆ ಊರುಗೋಲಾಗುವುದು ಆ ಪರಿಚಯವೇ. ಡಗ್ಗಾದ ಪೆಟ್ಟು ಒಂದೊಂದಾಗಿ ಬಿಡಿಬಿಡಿಯಾಗಿ ಕೇಳುತ್ತದೆಯೇ, ಅಥವಾ ಒಂದರ ಬಾಲ ಮತ್ತೊಂದಕ್ಕೆ ಅಂಟಿಕೊಂಡು ಗುಂಯ್ ಎನ್ನುತ್ತದೆಯೇ ಎಂದು ಮೊದಲು ನೋಡಬೇಕು. ಹಾಡುವವನ ‘ಸ’ಕಾರ ‘ಶ’ಕಾರಗಳು ಬೇರೆಬೇರೆಯಾಗಿ, ಕಿವಿಗೆ ಚುಚ್ಚದಂತೆ ಬರಬೇಕು. ತಾಳದ ಝೇಂಕಾರ ಕಡೆಯವರೆಗೂ ಕ್ಷೀಣಿಸುತ್ತ ಹೋಗಬೇಕು. ನಡುವೆ ಕತ್ತರಿಸಿದಂತೆ ನಿಂತರೆ ಮೇಲಿನ ಕಂಪನಗಳು ನಷ್ಟವಾಗಿವೆಯೆಂದು ತಿಳಿಯಬೇಕು. ಇವನ್ನೆಲ್ಲ ಧ್ವನಿ ಸಣ್ಣದಾಗಿಟ್ಟೇ ಕೇಳಬೇಕು. ಎರಡು ಜೋಡಿಗಳನ್ನು ಹೋಲಿಸುವಾಗ ಧ್ವನಿಯ ಮಟ್ಟ ಆದಷ್ಟೂ ಸಮನಾಗಿರಬೇಕು. ಯಾವುದನ್ನು ಹಾಕುತ್ತಿದ್ದಾರೆಂದು ಕಾಣದಂತೆ ಕಣ್ಣು ಮುಚ್ಚಿ, ಗೆಳೆಯನಿಂದ ಹಾಕಿಸಿಕೊಳ್ಳಬೇಕು. ಕಿವಿಗೆ ಬಿಗಿಯಾಗಿ ಕೂರದಿದ್ದರೆ ಬೇರೆ ಅಳತೆಯ ರಬ್ಬರನ್ನು ಹಾಕಿ ಮತ್ತೊಮ್ಮೆ ನೋಡಬೇಕು; ಅಸಲಿಯನ್ನೂ ಕೆಟ್ಟದೆಂದು ತಳ್ಳಿಹಾಕುವಂತೆ ಮಾಡುವುದು ಅನೇಕ ವೇಳೆ ಈ ರಬ್ಬರಿನ ಅಳತೆಯೇ.

ನಾದದ ಪರಿಶುದ್ಧಿಯೇ ಸರ್ವಸ್ವವೆಂದು ನಾವು ವಾದಿಸುತ್ತಿಲ್ಲ. ನಮ್ಮ ನೆರೆಯ ಗದಗ ಸೀಮೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಗಾಯನವನ್ನು ಗ್ರಾಮಫೋನು ತಟ್ಟೆಯಲ್ಲಿ ಕೇಳಿ, ಆ ಹುಚ್ಚಿನಲ್ಲಿ ಮನೆ ಬಿಟ್ಟು ಗುರುವನ್ನರಸಿ ಹೊರಟುದು ಪ್ರಸಿದ್ಧವಾದ ವೃತ್ತಾಂತ. ಆ ತಟ್ಟೆಯಿಂದ ಬಂದ ನಾದದ ವಿಸ್ತಾರ ಇಂದಿನ ಅಗ್ಗದ ಇಯರ್‌ಫೋನಿಗಿಂತಲೂ ಕಿರಿದು. ಆದರೆ ಆ ಹುಡುಗನು ಕೇಳಿದ್ದು ಹಾಡನ್ನು. ತಟ್ಟೆ ಯಾವ ಕಂಪನಿಯದೆಂಬುದು ಅವನಿಗೆ ಮುಖ್ಯವಾಗಿರಲಿಕ್ಕಿಲ್ಲ.

ಕುಷ್ಟಗಿಯಲ್ಲಿ ಒಂದು ಚಿಕ್ಕ ಅಂಗಡಿಯನ್ನು ಕಂಡೆವು. ಅದರ ಯಜಮಾನರು ಪ್ರತಿಯೊಂದು ಬಗೆಯಲ್ಲಿಯೂ ಒಂದು ಜೋಡಿಯನ್ನು ಪೆಟ್ಟಿಗೆಯಿಂದ ಹೊರಗಿಟ್ಟು, ಮಗ್ಗುಲಲ್ಲಿ ಸ್ಪಿರಿಟ್ಟಿನ ಸೀಸೆಯನ್ನೂ ಹತ್ತಿಯನ್ನೂ ಇರಿಸಿಕೊಂಡಿದ್ದಾರೆ. ಬಂದವರಿಗೆ ಒರೆಸಿ ಕೊಟ್ಟು ಕೇಳಿಸುತ್ತಾರೆ. ‘ಲೋಕಲ್’ ಎನ್ನುವ ಮಾಲನ್ನೂ ಹಾಗೆಯೇ ಕೇಳಿಸುತ್ತಾರೆ. ವ್ಯಾಪಾರ ಹೇಗಿದೆಯೆಂದು ವಿಚಾರಿಸಿದೆವು. ಕೇಳಿದವರು ಸಾಮಾನ್ಯವಾಗಿ ಮೆಚ್ಚುತ್ತಾರೆ, ಬೆಲೆಯನ್ನೂ ಒಪ್ಪುತ್ತಾರೆ ಎಂದರು. ಸ್ವಲ್ಪ ತಡೆದು, “ಆದ್ರ ರೊಕ್ಕ ಕೊಡೂ ಮುಂದ ಡಬ್ಬಿ ಹೊಳ್ಳಿಸಿ ಕೇಳ್ತಾರ್ರೀ, ಇದು ಯಾವ ಕಂಪನೀದು ಅಂತ” ಎಂದರು. ಆಗ ತಾವೇನು ಹೇಳುವಿರೆಂದು ಕೇಳಿದೆವು. ಇನ್ನೊಮ್ಮೆ ಕೇಳಿ ನೋಡಿರೆಂದು ಮತ್ತೆ ಕಿವಿಗೆ ಹಾಕುತ್ತಾರಂತೆ.